ಮದುವೆ ಕಾಗದದ ಕಾರ್ಡುಗಳು

ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಕುವೈತಿನ ಒಂದು ಆಸ್ಪತ್ರೆಯಲ್ಲಿ ನನಗಾಗಿ ಕೆಲಸ ಕಾದಿತ್ತು. ಅಲ್ಲಿನ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಈ ಸಲವೂ ಪಾಸಾಗದಿದ್ದರೆ ಅದು ಬೇರೆಯವರ ಪಾಲು. ಹೋದ ಸಲ ಕೊನೆಯ ಮೂರು ದಿನ ಉರು ಹೊಡೆದು ಹೋಗಿ ಫೇಲಾಗಿದ್ದೆ. ಅದಕ್ಕೇ ಈಗ ನಾಲ್ಕು ತಿಂಗಳಿನಿಂದ ಕಾರ್ಡುಗಳು. ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ತಪ್ಪಿದ್ದು ದಿನಾ ನೋಡುವ ಡಬ್ಬಿಗೆ, ಸರಿಯಾದದ್ದು ನಾಲ್ಕು ದಿನದ ಡಬ್ಬಿಗೆ, ಮತ್ತೂ ಸರಿಯಾದರೆ ಹದಿನೈದು ದಿನದ್ದಕ್ಕೆ. ಇನ್ನೂರ ಹತ್ತು ಕಾರ್ಡುಗಳಲ್ಲಿ ಹೆಚ್ಚಿನವು ಕೊನೆಯ ಡಬ್ಬಿ ಸೇರಿದ್ದವು. ಆದರೂ ನೆಮ್ಮದಿಯಿರಲಿಲ್ಲ.

ಮನೆಗೆ ಆಮಂತ್ರಣವಾಗಿ ಬಂದಿದ್ದ ಹಳೆಯ ಮದುವೆ ಕಾಗದಗಳಲ್ಲಿ ಅಕ್ಷರವಿಲ್ಲದ ಭಾಗ ನೋಡಿ ಕತ್ತರಿಸಿ ಆ ಕಾರ್ಡು ಮಾಡಿದ್ದೆ.

ಚಹಾದ ಹೊತ್ತಿಗೆ ನಾನು ಕೆಲಸ ಮಾಡುವ ವಾರ್ಡಿನ ಆಯಾ ಹೇಮಾಕ್ಷಿ ಅಕ್ಕ ಕಾರ್ಡಿನ ಕಟ್ಟು ತೆಗೆದುಕೊಂಡರು.

“ನಾನು ಕೇಳ್ತೇನೆ, ಡ್ಯಾಫ್ನಿ ಸಿಸ್ಟರ್. ಎಸ್ಸೆಸ್ಸೆಲ್ಸಿ ಪಾಸ್ ನಾನು, ಇಂಗ್ಲಿಷ್ ಓದ್ಲಿಕ್ಕೆ ಬರ್ತದೆ.”

ಅವರು ಮೊದಲ ಕಾರ್ಡು ಎತ್ತಿದ ಕೂಡಲೇ “ಅರುವತ್ತು” ಅಂದೆ.

“ಎಂತ ಅರುವತ್ತು?”

“ನಾಡಿ ಅದಕ್ಕಿಂತ ಕಡಿಮೆ ಇದ್ರೆ ಡಿಗಾಕ್ಸಿನ್ ಮಾತ್ರೆ ಕೊಡಬಾರ್ದು.”

“ಅಯ್ಯೋ ಮಾರಾಯ್ರೆ, ಪ್ರಶ್ನೆ ನನ್ನ ಹೆಬ್ಬೆರಳಿನ ಅಡಿಯಲ್ಲಿ ಉಂಟು! ನೀವು ಓದಿದ್ದು ಹೇಗೆ?”

ನಾನು ಓದಿರಲಿಲ್ಲ. ಆ ಬಂಗಾರದ ಅಂಚು ಚಿಕ್ಕಪ್ಪನ ಮಗ ಆನ್ಸನ್‌ನ ಮದುವೆ ಕಾಗದದ್ದು. ಅದನ್ನು ಕಂಡರೆ ಅರುವತ್ತು. ಗೆಳತಿ ಫಿಯೋನಾಳ ಕಾಗದದ ಗುಲಾಬಿ ಮೂಲೆ ಕಂಡರೆ ಪೊಟ್ಯಾಸಿಯಂ.

ಅಕ್ಕನಿಗೂ ಅದನ್ನೇ ಹೇಳಿ, ಕಣ್ಣು ಮುಚ್ಚಿ ಕುಳಿತು, ಪ್ರಶ್ನೆ ಓದಿ ಕೇಳಲು ಹೇಳಿದೆ. ಹತ್ತರಲ್ಲಿ ನಾಲ್ಕು ಬಂತು. ಪರೀಕ್ಷೆಯ ಕಂಪ್ಯೂಟರಿನಲ್ಲಿ ಯಾರ ಮದುವೆಯೂ ಇರುವುದಿಲ್ಲ.

“ನಾಲ್ಕು ತಿಂಗಳು ನಾನು ಎಂತ ಕಲ್ತದ್ದು ಅಕ್ಕ?”

“ಯಾರ ಮದುವೆಗೆ ಯಾವ ಕಾಗದ ಅಂತ,” ಅವರು ನಕ್ಕರು. ನನಗೆ ನಗು ಬರಲಿಲ್ಲ.

ಸಂಜೆ ಮನೆಗೆ ಹೋಗುವಾಗ ಕುಲಶೇಖರದಲ್ಲಿ ಬಸ್ಸಿಳಿದು ಬಿಳಿ ಕಾರ್ಡು ಕೊಂಡೆ. ಎಲ್ಲವನ್ನೂ ಒಂದೇ ಪೆನ್ನಿನಲ್ಲಿ ಬರೆದು, ಎಲ್ಲವನ್ನೂ ದಿನಾ ನೋಡುವ ಡಬ್ಬಿಗೇ ಹಾಕಿದೆ. ಒಂಬತ್ತು ದಿನದಲ್ಲಿ ಹದಿನೈದು ದಿನದ ಡಬ್ಬಿಗೆ ಅರ್ಥವಿಲ್ಲ. ನಾಲ್ಕು ದಿನದ ಡಬ್ಬಿಯನ್ನು ಎರಡು ದಿನಕ್ಕೆ ಇಳಿಸಿದೆ. ಇಳಿಸಿದ್ದು ಸರಿಯೋ ಎಂದು ಮತ್ತೆ ಮತ್ತೆ ಯೋಚಿಸಿದೆ.

ಐದನೆಯ ದಿನ ಹಾಸಿಗೆಯ ಚಾದರ ಬದಲಿಸುವಾಗ ಆಚೆ ಬದಿಯಿಂದ ಹೇಮಾಕ್ಷಿ ಅಕ್ಕ ಥಟ್ಟನೆ ಕೇಳಿದರು.

“ಹೆಪಾರಿನ್ ಜಾಸ್ತಿ ಆದ್ರೆ ಎಂತ ಕೊಡ್ಬೇಕು ಸಿಸ್ಟರ್?”

“ಪ್ರೋಟಮಿನ್.” ಬಾಯಿಂದ ಬಂದ ಮೇಲೆ ಹೆದರಿಕೆಯಾಯಿತು. “ಸರಿಯಾ ಅಕ್ಕ?”

“ನನ್ನ ಹತ್ರ ಕೇಳ್ತೀರಾ? ಸಿಸ್ಟರ್ ಯಾರು, ನಾನಾ ನೀವಾ?”

ಚಾದರದ ತುದಿಯನ್ನು ಹಾಸಿಗೆಯ ಅಡಿಗೆ ಬಿಗಿಯಾಗಿ ಸಿಕ್ಕಿಸಿದೆ.

“ಸರಿ,” ಎಂದೆ ನಾನೇ. “ಇನ್ನೊಂದು ಕೇಳಿ.”