ಸಾವಿರದ ಐನೂರರಲ್ಲಿ ನಿಲ್ಲು

ಮತ್ತೆ ಅಲುಗಿತು, ಸಾವಿರದ ಐನೂರು ಅಂತ ನಿಲ್ಲಬೇಕಾದ ಅಂಕಿ, ಸಾವಿರದ ಐನೂರ ಮೂರು, ಸಾವಿರದ ನಾನೂರ ತೊಂಬತ್ತೆಂಟು, ಮತ್ತೆ ಸಾವಿರದ ಐನೂರ ಎರಡು — ರಿಮೋಟಿನ ಕಡ್ಡಿಯಿಂದ ಹೆಬ್ಬೆರಳು ತೆಗೆದರೆ ಲ್ಯಾಪ್‌ಟಾಪಿನ ಪರದೆಯ ಮೇಲೆ ತಣ್ಣಗೆ ನಿಂತುಬಿಡುತ್ತೆ, ಬೆರಳಿಟ್ಟರೆ ಕುಣಿಯುತ್ತೆ, ಅಂದರೆ ತಪ್ಪು ರಿಮೋಟಿನದಲ್ಲ, ಅಂಗೈಯಗಲದ ಈ ರೇಸಿಂಗ್ ಡ್ರೋನಿನದೂ ಅಲ್ಲ, ಇದರ ಒಂದೊಂದು ತಂತಿಯನ್ನೂ ಬೆಸೆದವಳು ನಾನೇ, ನನ್ನ ಫೋನ್ ರಿಪೇರಿ ಅಂಗಡಿಯಲ್ಲಿ, ಸೂಕ್ಷ್ಮದರ್ಶಕದ ಕೆಳಗೆ, ಆದರೆ ಅಲ್ಲಿ ಮಣಿಕಟ್ಟನ್ನು ಮೇಜಿನ ಅಂಚಿಗೆ ಆನಿಸಿರುತ್ತೇನೆ, ಆನಿಸಿದ ಕೈ ನಡುಗೋದಿಲ್ಲ, ಅಪ್ಪನದೂ ಹೀಗೇ ಶುರುವಾಗಿದ್ದಲ್ಲವೇ, ಬೆಳಗಿನ ಹೊತ್ತು ಪದ್ಯ ಓದುತ್ತಿದ್ದರು, ನಾನೂ ಅಕ್ಕನೂ ಕಣ್ಣುಜ್ಜಿಕೊಂಡು ಕೇಳುತ್ತಿದ್ದೆವು, ಸಾಲಿನ ಕೆಳಗೆ ಓಡುವ ಬೆರಳು ಅಲುಗತೊಡಗಿದಾಗ ತಾಳ ಹಾಕುತ್ತಿದ್ದಾರೆ ಅಂದುಕೊಂಡೆವು, ಒಂದು ವರ್ಷ ಹಾಗೇ ಅಂದುಕೊಂಡೆವು, ಆಮೇಲೊಂದು ದಿನ ಪದ್ಯ ಮುಗಿದರೂ ತಾಳ ನಿಲ್ಲಲಿಲ್ಲ. ಯಾರಾದರೂ ಬಂದರೆ ಬಲಗೈಯನ್ನು ಮಡಿಲಲ್ಲಿಟ್ಟು ಅದರ ಮೇಲೆ ಎಡಗೈ ಮುಚ್ಚಿಕೊಳ್ಳುತ್ತಿದ್ದರು, ಕೋಳಿಮರಿಯನ್ನು ಅದುಮಿ ಹಿಡಿದ ಹಾಗೆ, ಒಳಗೆ ಅದು ಒದ್ದಾಡುತ್ತಿರುವ ಹಾಗೆ — ನಿಲ್ಲು, ಸಾವಿರದ ಐನೂರರಲ್ಲಿ ನಿಲ್ಲು ಮಾರಾಯ್ತಿ. ಏನೇ, ಮದುವಣಗಿತ್ತಿಯ ಸಿಂಗಾರ ಇನ್ನೂ ಮುಗೀಲಿಲ್ವಾ, ನಂಗೆ ಮಧ್ಯಾಹ್ನ ಡ್ಯೂಟಿ ಇದೆ, ಅಂತ ಅಕ್ಕ, ಇದೇ ಸಿಮೆಂಟ್ ಬೆಂಚಿನ ಆ ತುದಿಯಿಂದ, ಮುಂದೆ ಖಾಲಿ ಬಯಲು, ಬಯಲಿನಾಚೆ ಮುಚ್ಚಿದ ಗೋದಾಮು, ಆಯ್ತಕ್ಕ ಆಯ್ತು ಅಂದೆ, ಪರದೆ ಅವಳಿಗೆ ಕಾಣದ ಹಾಗೆ ಓರೆ ಮಾಡಿದೆ, ಇಪ್ಪತ್ತೆರಡು ವರ್ಷದಿಂದ ನರ್ಸು ಅವಳು, ನರವೇ ಸಿಗದ ಕೂಸಿನ ಕೈಗೂ ಒಂದೇ ಸಲಕ್ಕೆ ಸೂಜಿ ಇಳಿಸುತ್ತಿದ್ದವಳು, ಅಪ್ಪ ಹಾಕುತ್ತಿರುವುದು ತಾಳ ಅಲ್ಲ ಕಣೇ ಅಂತ ಮೊದಲು ಹೇಳಿದವಳೂ ಅವಳೇ, ಕೊನೆಗೆ ಚಮಚದಲ್ಲಿ ಗಂಜಿ ಕುಡಿಸಿದವಳೂ ಅವಳೇ, ಅವಳ ಕಣ್ಣಿಗೆ ಬಿದ್ದರೆ ಮುಗೀತು, ನನ್ನ ಕೈಯೂ ಮುಗೀತು, ಅಂಗಡಿಯೂ ಮುಗೀತು, ಕೂದಲಿಗಿಂತ ಸಣ್ಣ ತಂತಿಯನ್ನು ನಡುಗುವ ಕೈಗೆ ಯಾರು ಕೊಡ್ತಾರೆ. ಈಗ ವಾರ್ಡು ಬಿಟ್ಟು ಆಸ್ಪತ್ರೆ ಬಾಗಿಲ ವಿಚಾರಣೆ ಮೇಜಿಗೆ ಹಾಕಿಸಿಕೊಂಡಿದ್ದಾಳೆ, ನಿಂತು ನಿಂತು ಕಾಲು ಸೇದಿಹೋಗಿತ್ತು ಅಂದಳು, ಆದರೂ ಅವಳ ಕಣ್ಣು ಕಣ್ಣೇ, ಆಗಲೇ ಕಾಫಿ ಫ್ಲಾಸ್ಕು ನನ್ನ ಕಡೆ ಸರಿಸಿ ನೀನೇ ಬಗ್ಗಿಸ್ಕೋ ಅಂದಳಲ್ಲ, ಯಾಕೆ ಹಾಗಂದಳು, ನನ್ನ ಕೈ ನೋಡೋಕೇ ಇರಬೇಕು, ಬಗ್ಗಿಸುವಾಗ ಲೋಟದಂಚಿಗೆ ತಾಗಿ ಟಿಣ್ ಅಂತೇನೋ, ಕೇಳಿಸಿತೇನೋ.

ಡೆಡ್‌ಬ್ಯಾಂಡ್ ಅಂತ ಒಂದು ಖಾನೆ ಇದೆ, ಅದರಲ್ಲಿ ಐದು ಅಂತ ಬರೆದರೆ ನಡುವಿನ ಅಂಕಿಯ ಆಚೀಚೆ ಐದರಷ್ಟು ಅಲುಗಾಟವನ್ನು ಯಂತ್ರ ಕಂಡೂ ಕಾಣದ ಹಾಗಿರುತ್ತೆ, ಒಳ್ಳೇ ನೆಂಟರ ಥರ, ಬಿಡಿಭಾಗ ಮಾರುವವನು ಹೇಳಿದ್ದ, ಎರಡು ಮೂರು ಎಲ್ಲರಿಗೂ ಅಲುಗುತ್ತೆ ಮೇಡಂ, ಹೆಣದ ಬೆರಳಿಟ್ಟರೆ ಮಾತ್ರ ಅಲುಗಲ್ಲ, ಅಂತ ನಕ್ಕ, ಅವನಿಗೇನು, ಅವನ ಅಪ್ಪ ನೆಟ್ಟಗಿದ್ದಾರೆ. ಐದು ಒತ್ತಿದೆ, ಬೆರಳಿಟ್ಟೆ — ಸಾವಿರದ ಐನೂರು, ಕಲ್ಲಿನ ಹಾಗೆ, ಉಸಿರು ಬಂತು, ಬಂದ ಉಸಿರು ಅರ್ಧಕ್ಕೇ ನಿಂತಿತು, ಇದೂ ತಾಳ ಅಂದುಕೊಂಡ ಹಾಗೇ ಅಲ್ಲವೇ, ಒಂದು ವರ್ಷ ಅಂದುಕೊಂಡ ಹಾಗೇ, ಬೇಡ, ಅಳಿಸಿದೆ, ಸೊನ್ನೆ, ಇದ್ದರೆ ಕಾಣಲಿ ದೇವರೇ, ಗಾಳಿಯಲ್ಲಿ ಡ್ರೋನೇ ನಡುಗಿ ಹೇಳಲಿ. ತಂತಿ ಕಿತ್ತು ಲ್ಯಾಪ್‌ಟಾಪ್ ಮುಚ್ಚಿದೆ, ಇನ್ನು ಪ್ರೊಪೆಲರ್, ಅವನ್ನು ಕೊನೆಗೇ ಹಾಕಬೇಕು, ಕೈಯಲ್ಲಿದ್ದಾಗ ತಪ್ಪಿ ತಿರುಗಿದರೆ ಬೆರಳು ಸೌತೆಕಾಯಿ, ಒಂದು, ಎರಡು, ಮೂರು, ನಾಲ್ಕನೇ ನಟ್ಟು ಬೆವರಿಗೆ ಜಾರುತ್ತಿದೆ, ಅಕ್ಕ, ಇದೊಂದು ಕೂರಿಸಿಕೊಡ್ತೀಯಾ, ಅಯ್ಯೋ ಅವೆಲ್ಲ ನಂಗೆ ಬರಲ್ಲಮ್ಮ, ಅಂತ ಆಚೆ ನೋಡಿದಳು, ಸೂಜಿಗಿಂತ ಇದೇನು ಕಷ್ಟ, ನನ್ನನ್ನು ಪರೀಕ್ಷೆ ಮಾಡ್ತಿದ್ದಾಳೆ, ಹೇಗೋ ನಾನೇ ಬಿಗಿದೆ, ಬ್ಯಾಟರಿ ಸಿಕ್ಕಿಸಿ ಇಪ್ಪತ್ತು ಹೆಜ್ಜೆ ಆಚೆ ಇಟ್ಟು ಬಂದೆ, ಕಾಲೂ ನಡುಗಿತೇ, ಕಾಲಿಗೂ ಬರುತ್ತಾ ಅದು, ಕೂತೆ, ಗಾಗಲ್ಸ್ ಹಾಕಿಕೊಂಡೆ, ಕತ್ತಲೆ, ಆಮೇಲೆ ಡ್ರೋನಿನ ಕ್ಯಾಮೆರಾದ ಕಣ್ಣು, ಹುಲ್ಲು ಮರದಷ್ಟು ಎತ್ತರ, ಸ್ವಿಚ್ಚು ಎಳೆದೆ, ಕಣಜ ಎದ್ದ ಹಾಗೆ ಸದ್ದು, ಏರು, ಏರು, ಹುಲ್ಲು ಹುಲ್ಲಾಯಿತು, ಗೋಡೆ ಬಂತು, ತಾಯೀ, ಈಗ, ಈಗ ನಡುಗುತ್ತೆ — ಇಲ್ಲ — ಗೋದಾಮಿನ ಗೋಡೆಯ ಬಿರುಕು ಬರೆದಿಟ್ಟ ಹಾಗೆ ನಿಂತಿದೆ, ಹತ್ತು ಎಣಿಸಿದೆ, ನಿಂತಿದೆ, ಸುಮ್ಮನೆ ಹೆದರಿ ಸತ್ತೆನಲ್ಲ ಹುಚ್ಚಿ, ನನ್ನ ಕೈ ಸರಿ ಇದೆ, ಎರಡು ಮೂರು ಎಲ್ಲರಿಗೂ, ಅಕ್ಕನಿಗೆ ಹೇಳಬೇಕು, ಹೆದರಿದ್ದನ್ನೂ ಹೇಳಿ ಬೈಸಿಕೊಳ್ಳಬೇಕು, ನಿಧಾನಕ್ಕೆ ತಿರುಗಿಸುತ್ತೇನೆ, ಗೋಡೆ, ಗೇಟು, ನನ್ನ ಸ್ಕೂಟರು, ಬೆಂಚು, ಬೆಂಚಿನ ಮೇಲೆ ಇಬ್ಬರು, ಮುಖಕ್ಕೆ ಕರೀ ಡಬ್ಬಿ ಕಟ್ಟಿಕೊಂಡ ನಾನು, ಪಕ್ಕದಲ್ಲಿ ಅಕ್ಕ, ನನಗೇನೂ ಕಾಣದು ಅಂದುಕೊಂಡಿರುವ ಅಕ್ಕ, ಎಷ್ಟು ಚೆನ್ನಾಗಿ ಹಾರ್ತಿದೆ ಕಣೇ ಅನ್ನುತ್ತಾಳೆ, ದನಿ ಕಿವಿಯ ಪಕ್ಕದಲ್ಲೇ, ತಲೆ ಎತ್ತಿಲ್ಲ, ಡ್ರೋನಿನ ಕಡೆ ನೋಡುತ್ತಿಲ್ಲ, ಮಡಿಲು ನೋಡುತ್ತಿದ್ದಾಳೆ — ಫ್ಲಾಸ್ಕು, ನಟ್ಟು, ವಿಚಾರಣೆ ಮೇಜು — ಹೌದಕ್ಕ ಅಂದೆ, ಬೆರಳು ತೆಗೆಯಲಾರೆ, ಕಣ್ಣು ತೆಗೆಯಲಾರೆ, ಚಿತ್ರ ಒಂದಿಷ್ಟೂ ಅಲುಗದು, ಸಾವಿರದ ಐನೂರು, ಮಡಿಲಲ್ಲಿ ಬಲಗೈ, ಅದರ ಮೇಲೆ ಎಡಗೈ, ಅದುಮಿ ಹಿಡಿದ ಎಡಗೈ, ಒಳಗೆ ಕೋಳಿಮರಿ, ಬಲಗೈಯ ಮೇಲೆ ಎಡಗೈ