ಸ್ವರಕ್ಕೆ ಬಂದ ಜ್ವರ

ಇಗ್ನೇಷಿಯಸ್ ಮಾಸ್ಟರ ನಾಲಿಗೆಯ ಮೇಲೆ ಒಂದು ರೀಡ್ ಇರುತ್ತಿತ್ತು. ಸ್ಯಾಕ್ಸೊಫೋನಿನ ಮೂತಿಗೆ ಬಿಗಿಯುವ ಜೊಂಡಿನ ಆ ತೆಳು ಸೀಳನ್ನು ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲೇ ಬಾಯಿಗಿಟ್ಟು ನೆನೆಸುತ್ತಿದ್ದರು. ಆಗ ಮಾತಿಲ್ಲ, ಏನು ಕೇಳಿದರೂ ಹೂಂ, ಇಲ್ಲವೆ ಉಹೂಂ. ರಜೆ ಬೇಕಾದವರೆಲ್ಲ ಆ ಹೊತ್ತಿಗೇ ಕಾಯುತ್ತಿದ್ದೆವು. ಯಾವ ಸದ್ದು ಹೊರಟರೂ ಹೂಂ ಎಂದೇ ಕೇಳಿಸಿಕೊಳ್ಳುವುದು ನಮ್ಮ ತಂಡದ ಕಾನೂನು.

ಮದುವೆ ಮೆರವಣಿಗೆಯಲ್ಲಿ ಊದುತ್ತಿದ್ದ ಮಾಸ್ಟರು ಹದಿನಾಲ್ಕು ಜನರ ಬ್ಯಾಂಡ್ ಕಟ್ಟಿ, ಇಪ್ಪತ್ತಾರು ವರ್ಷ ನಮ್ಮೂರ ಕ್ಲಬ್ಬಿನ ನೃತ್ಯಮಂದಿರವನ್ನು ಆಳಿದ್ದರು. ಕೊನೆಯ ನಿಧಾನದ ಟ್ಯೂನ್ ಮುಗಿಸುವಾಗ ಅವರು ಹಿಡಿಯುತ್ತಿದ್ದ ದೀರ್ಘಸ್ವರಕ್ಕೆ ಕುಣಿಯುವವರ ಕಾಲು ನಿಲ್ಲುತ್ತಿತ್ತು. ನಾನು ಅವರ ಪಕ್ಕದ ಎರಡನೆಯ ಸ್ಯಾಕ್ಸೊಫೋನು. ಬಿ.ಎ. ಪಾಸಾದವನೆಂದು ತಂಡದ ಕಾಗದಪತ್ರದ ಕೆಲಸವೂ ನನ್ನದೇ. ಊದುವುದಕ್ಕಿಂತ ಅಣಕಿಸುವುದರಲ್ಲಿ ಗಟ್ಟಿಗ.

ಆ ವರ್ಷ ಮಾಸ್ಟರ ಮುಂದಿನ ಹಲ್ಲು ಅಲ್ಲಾಡತೊಡಗಿತ್ತು. ದೀರ್ಘಸ್ವರದ ತುದಿ ನಡುಗುತ್ತಿತ್ತು. ನಮ್ಮನ್ನು ಬಿಟ್ಟು ಯಾರಿಗೂ ಅದು ತಿಳಿದಿರಲಿಲ್ಲ. ಒಂದು ಸಂಜೆ, ಅವರಿಲ್ಲದಾಗ, ಚಹದ ಬಿಡುವಿನಲ್ಲಿ ಮೂಗು ಹಿಡಿದು ಆ ನಡುಕವನ್ನು ಇದ್ದದ್ದು ಇದ್ದಂತೆ ಬಾಯಲ್ಲಿ ನುಡಿಸಿ, "ಮಾಸ್ಟರ ಸ್ವರಕ್ಕೆ ಜ್ವರ ಬಂದಿದೆ ಕಣ್ರಪ್ಪಾ" ಎಂದೆ. ಎಲ್ಲರೂ ನಕ್ಕರು. ಹಿಂದೆ ಕಪ್ಪು ಹಿಡಿದು ನಿಂತಿದ್ದ ಕ್ಲಬ್ಬಿನ ಸೆಕ್ರೆಟರಿ ಚಂದ್ರಹಾಸ ರಾಯರೂ ನಕ್ಕು, ಇನ್ನೊಮ್ಮೆ ಮಾಡು ಎಂದರು. ಮಾಡಿದೆ.

ಕ್ಲಬ್ಬಿನ ವಾರ್ಷಿಕೋತ್ಸವದ ದಿನ ಮಾಸ್ಟರು ರೀಡ್ ಬಾಯಲ್ಲಿಟ್ಟು ಕೂತಿದ್ದಾಗ ರಾಯರು ಒಳಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ನಿಮ್ಮ ಸ್ವರಕ್ಕೆ ಜ್ವರ ಬಂದಿದೆಯಂತೆ ಮಾಸ್ಟರೇ, ನಿಮ್ಮ ಹುಡುಗ್ರೇ ಹೇಳ್ತಾರೆ. ಇವತ್ತಿಂದ ಬ್ಯಾಂಡು ಇವನು ನೋಡ್ಕೊಳ್ಳಲಿ. ನೀವು ರೆಸ್ಟ್ ತಗೊಳ್ಳಿ. ಆಗಬಹುದಲ್ಲ?"

ಮಾಸ್ಟರ ಗಂಟಲಿನಿಂದ ಒಂದು ಸದ್ದು ಹೊರಟಿತು.

"ಹೂಂ ಅಂದ್ರು, ಮುಗೀತು" ಎಂದು ರಾಯರು ಹೊರಟುಹೋದರು.

ಅದು ಉಹೂಂ. ಹನ್ನೊಂದು ವರ್ಷ ಆ ಗಂಟಲನ್ನು ಅಣಕಿಸಿದವನಿಗೆ ಅಷ್ಟೂ ತಿಳಿಯದೆ? ರಾಯರನ್ನು ಕರೆದು ಹೇಳಬಹುದಿತ್ತು. ನಾನು ಟೈ ಸರಿಮಾಡಿಕೊಂಡೆ.

ಮಾಸ್ಟರು ರೀಡನ್ನು ತೆಗೆದು, ಒರೆಸಿ, ನನ್ನ ಅಂಗೈಯಲ್ಲಿಟ್ಟರು.

"ನನ್ನ ಹಾಗೇ ಚೆನ್ನಾಗಿ ಮಾಡ್ತೀಯಂತೆ. ಇನ್ಮೇಲೆ ಅದೇ ಕೆಲಸ ನಿಂಗೆ."

ಅಂದು ದೀರ್ಘಸ್ವರ ನಾನು ಹಿಡಿದೆ. ತುದಿಯಲ್ಲಿ ಅದು ತಾನಾಗಿಯೇ ನಡುಗಿತು. ಯಾರೂ ನಗಲಿಲ್ಲ, ಚಪ್ಪಾಳೆ ತಟ್ಟಿದರು.

ಆಮೇಲೆ ಎಷ್ಟೋ ವರ್ಷ, ವೇದಿಕೆ ಹತ್ತುವ ಮುನ್ನ ಯಾರಾದರೂ ಬಂದು, ಇಗ್ನೇಷಿಯಸ್ ಮಾಸ್ಟರು ಚೆನ್ನಾಗಿದ್ದಾರಾ ಎಂದು ಕೇಳುತ್ತಿದ್ದರು. ನನ್ನ ನಾಲಿಗೆಯ ಮೇಲೆ ರೀಡ್ ಇರುತ್ತಿತ್ತು. ಹೂಂ ಎನ್ನುತ್ತಿದ್ದೆ.