ಪ್ರೊಫೈಲಿನ ಚಾರಣಿಗ

ಮದುವೆಯ ಪ್ರೊಫೈಲಿನಲ್ಲಿ ಯಶವಂತ "ಹವ್ಯಾಸ: ಟ್ರೆಕ್ಕಿಂಗ್" ಎಂದು ಬರೆದುಕೊಂಡಿದ್ದ. ಕಾಡುಮೇಡೆಂದರೆ ಪ್ರಾಣ ಬಿಡುವ ಪ್ರಣತಿ ಅದೊಂದು ಪದ ನೋಡಿಯೇ ಅವನ ಜೊತೆ ಮಾತಾಡಲು ಒಪ್ಪಿದ್ದು. ಮದುವೆಯಾದ ಹದಿನೈದನೇ ದಿನ ಮೈಸೂರಿನಲ್ಲಿ ಅತ್ತೆ ಒಬ್ಬಟ್ಟು ತಟ್ಟುತ್ತಾ ಬಾಯಿಬಿಟ್ಟರು: "ಇವ್ನು ಚಾಮುಂಡಿ ಬೆಟ್ಟಕ್ಕೂ ಬಸ್ಸಲ್ಲೇ ಹೋಗೋನಮ್ಮ. ಒಂದಿನಾನೂ ಮೆಟ್ಲು ಹತ್ಲಿಲ್ಲ."

ಪ್ರಣತಿ ನಕ್ಕಳು, ಆದರೆ ಒಳಗೆ ಚುಚ್ಚಿತು. ಅವನಾಗಿಯೇ ಹೇಳಲಿ ಎಂದು ಕಾದಳು. ಆಸ್ಟ್ರೇಲಿಯಾದ ಪರ್ತ್‌ಗೆ ಬಂದು ಕ್ಯಾನಿಂಗ್ಟನ್‌ನಲ್ಲಿ ಮನೆ ಮಾಡಿ ಏಳು ತಿಂಗಳಾದರೂ ಆಸಾಮಿ ತುಟಿ ಪಿಟಕ್ಕೆನ್ನಲಿಲ್ಲ. ಇಷ್ಟು ಚಿಕ್ಕ ಸುಳ್ಳನ್ನೇ ಒಪ್ಪಿಕೊಳ್ಳದವನು ನಾಳೆ ದೊಡ್ಡದನ್ನು ಒಪ್ಪಿಕೊಂಡಾನೆಯೇ? ಅವಳಿಗೆ ನಿಜಕ್ಕೂ ಭಯವಾಯಿತು. ಭಯವನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವಳದಲ್ಲ. ದಕ್ಷಿಣದಲ್ಲಿ ಕ್ಯಾರಿ ಎಂಬ ಮುಗಿಲೆತ್ತರದ ಮರಗಳ ಕಾಡಿದೆಯಲ್ಲ, ಅಲ್ಲಿ ಎರಡು ದಿನಕ್ಕೆ ಟೆಂಟ್ ಜಾಗ ಬುಕ್ ಮಾಡಿದಳು. ಆಗಲಾದರೂ ಬಾಯಿಬಿಡುತ್ತಾನೋ ಪರೀಕ್ಷಿಸೋಣವೆಂದು, ನಡೆಯಲು ಹದಿನಾಲ್ಕು ಕಿಲೋಮೀಟರಿನ ದಾರಿಯನ್ನೇ ಆರಿಸಿದಳು.

ದಾರಿಯಲ್ಲಿ ಸರ್ವೋದಲ್ಲಿ, ಅಂದರೆ ಅಲ್ಲಿನ ಪೆಟ್ರೋಲ್ ಬಂಕಿನಲ್ಲಿ, ಕಾರು ನಿಲ್ಲಿಸಿದಾಗ ಯಶವಂತ ಆಕಾಶ ನೋಡಿದ. "ಮಳೆ ಬರೋ ಹಂಗಿದೆ. ವಾಪಸ್ ಹೋಗೋಣ್ವಾ?" ಮೇಲೆ ಒಂದು ಚೂರು ಮೋಡವಿರಲಿಲ್ಲ.

ಮರುದಿನ ಬೆಳಿಗ್ಗೆ ನಡಿಗೆ ಶುರುವಾಯಿತು.

"ನಿಮಗಿದೆಲ್ಲ ಲೆಕ್ಕಕ್ಕೇ ಇಲ್ಲ, ಅಲ್ವೇನ್ರೀ?"

"ಹ್ಞೂಂ... ಶೂ ಹೊಸದು, ಅಷ್ಟೇ."

ಮೂರನೇ ಕಿಲೋಮೀಟರಿನಿಂದ ಅವನಿಗೆ ಮರಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತು. ಪ್ರತಿ ಮರದ ಮುಂದೂ ನಿಂತು ತೊಗಟೆಯ ಫೋಟೊ ತೆಗೆದ. ಏದುಸಿರು ಇಳಿಯುವ ತನಕ ಕ್ಲಿಕ್ ಆಗುತ್ತಿರಲಿಲ್ಲ. ಪ್ರಣತಿ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದಳು.

ಆರನೆಯದರಲ್ಲಿ ಅವನು ಉರುಳಿಬಿದ್ದ ಮರದ ಮೇಲೆ ಕೂತು ಶೂ ಬಿಚ್ಚಿದ. ಹಿಮ್ಮಡಿಯ ಬೊಬ್ಬೆ ಒಡೆದು ಕಾಲುಚೀಲ ಕೆಂಪಾಗಿತ್ತು.

"ಪ್ರಣತಿ, ನಾನು ಟ್ರೆಕ್ಕಿಂಗ್ ಮಾಡೇ ಇಲ್ಲ ಕಣೆ. ಅದು ಸುಳ್ಳು."

"ಮತ್ಯಾಕೆ ಬರೆದ್ರಿ?"

"ಮೊದ್ಲು ಕೇರಂ ಅಂತಿತ್ತು. ಆಮೇಲೆ ನಿನ್ನ ಫೋಟೊ ಬಂತು. ಮೊಣಕಾಲ್ವರೆಗೂ ಕೆಸರು, ಕೈಲೊಂದು ಕೋಲು, ಹಲ್ಲೆಲ್ಲ ಬಿಟ್ಕೊಂಡು ನಗ್ತಿದ್ದೆ. ಕೇರಂ ಆಡೋನ್ನ ಇವ್ಳು ತಿರುಗಿ ನೋಡ್ತಾಳಾ ಅನ್ನಿಸ್ತು. ಅವತ್ತೇ ಬದಲಾಯಿಸ್ದೆ. ಆಮೇಲೆ ಹೇಳಕ್ಕೆ ಧೈರ್ಯ ಬರ್ಲಿಲ್ಲ."

ಏಳು ತಿಂಗಳಿಂದ ಕೂಡಿಟ್ಟ ಚುಚ್ಚುಮಾತುಗಳಲ್ಲಿ ಒಂದೂ ಪ್ರಣತಿಯ ಬಾಯಿಗೆ ಬರಲಿಲ್ಲ. ಆ ಹಿಮ್ಮಡಿ ನೋಡಿ ನಾಚಿಕೆಯಾಯಿತು.

"ನಂಗೆ ಗೊತ್ತಿತ್ತು," ಎಂದಳು ಮೆಲ್ಲಗೆ. "ಮದುವೆಯಾದ ತಿಂಗಳೇ ಅತ್ತೆ ಹೇಳಿದ್ರು."

ಯಶವಂತ ಬೊಬ್ಬೆ ನೋಡಿಕೊಂಡ. ಬಂದ ದಾರಿಯನ್ನು ತಿರುಗಿ ನೋಡಿದ. ಆಮೇಲೆ ಅವಳನ್ನು ನೋಡಿದ.

"ಏಳು ತಿಂಗಳು ನೀನೂ ಹೇಳ್ಲಿಲ್ವಲ್ಲೇ?"

ಅವನು ಹೇಳಲು ಹೆದರಿದ್ದ, ನಿಜ. ಪ್ರಣತಿಯೂ ಕೇಳಲು ಹೆದರಿದ್ದವಳೇ, ಅದಕ್ಕೆ ಪರೀಕ್ಷೆಯೆಂಬ ಹೆಸರು ಕೊಟ್ಟಿದ್ದಳು ಅಷ್ಟೇ.

"ತಪ್ಪಾಯ್ತು, ಏಳಿ," ಎಂದು ಕೈ ಚಾಚಿದಳು. ವಾಪಸ್ ಆರು ಕಿಲೋಮೀಟರೂ ಇಬ್ಬರ ಚೀಲಗಳನ್ನೂ ಅವಳೇ ಹೊತ್ತಳು. ಅವನು ಒಂದು ಸಲವೂ, ಬಾಯಿಮಾತಿಗೂ, ಬೇಡ ಅನ್ನಲಿಲ್ಲ.